ಮಡಗಾಂವ್ ದಾಟಿದರೆ ಕುಮಟಾ

ಮುಂಬೈಯ ಆಫೀಸಿನ ಗೆಳೆಯರಿಗೆ ಸಮುದ್ರವೆಂದರೆ ಗೋವಾ. ಡಿಸೆಂಬರಿನಲ್ಲಿ ನಾಲ್ಕು ದಿನದ ರಜೆ. ರೈಲಿನ ಬುಕಿಂಗ್ ತೆರೆಯುವುದು 60 ದಿನ ಮೊದಲು. ಪಾಲೋಲೆಂ ಬೀಚಿನಲ್ಲಿ ಗುಡಿಸಲು ಹುಡುಕುವ ಕೆಲಸ ನನಗೇ ಬಂತು, "ನೀನು ಆ ಕಡೆಯವನಲ್ವಾ" ಎಂದು.

ಹೌದು. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಮಡಗಾಂವ್ ಬಿಟ್ಟು ಕಾಳಿ, ಗಂಗಾವಳಿ, ಅಘನಾಶಿನಿ ಮೂರೂ ಹೊಳೆ ದಾಟಿದರೆ ನಮ್ಮ ಕುಮಟಾ. ಅದೇ ಅರಬ್ಬೀ ಸಮುದ್ರ. ಆದರೆ ಅಲ್ಲಿಗೆ ಹೋದರೆ ರಜೆಯಲ್ಲ: ಮಾಡಿನ ಹಂಚು ಸರಿಮಾಡಿಸಬೇಕು, ಆಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕು.

ಗೋವಾಕ್ಕೆ ಹೋಗುತ್ತೇನೆಂದಾಗ ಆಯಿ ಫೋನಿನಲ್ಲಿ "ಅಡ್ಡಿಲ್ಲೆ ಅಪ್ಪಿ" ಎಂದಳು. ಆ ಅಡ್ಡಿಲ್ಲೆಯಲ್ಲಿ ಎಷ್ಟು ಅಡ್ಡಿಯಿದೆಯೆಂದು ಉತ್ತರ ಕನ್ನಡದವರಿಗೆ ಹೇಳಬೇಕಿಲ್ಲ.

ಗೆಳೆಯರಿಗೆ ಮಡಗಾಂವಿಗೆ, ನನಗೆ ಕುಮಟೆಗೆ ಟಿಕೆಟ್ ಮಾಡಿಸಿದೆ. ಮೊದಲೆರಡು ದಿನ ಆಯಿಗೆ, ಉಳಿದೆರಡು ಪಾಲೋಲೆಂಗೆ. ಅವಳು ತೊಡದೇವಿನ ಮಡಕೆಯನ್ನು ಈಗಲೇ ಅಟ್ಟದಿಂದ ಇಳಿಸಿದ್ದಾಳೆ.