ಜುನಾ ಬಜಾರಿನಲ್ಲಿ ಕಾಂಟೆಸ್ಸಾ ಲೆಕ್ಕ

ಪುಣೆಯ ಜುನಾ ಬಜಾರ್ ಬುಧವಾರ, ಭಾನುವಾರ ತುಂಬುತ್ತದೆ. ಹಳೆ ಸಾಮಾನೆಲ್ಲ ನೆಲದ ಮೇಲೇ. ನಾನು ಹೋದದ್ದು ಅಪ್ಪನ ಕಾಂಟೆಸ್ಸಾಗೆ ಹೊಸ ಕಾಲದ ಇಂಜಿನ್, ಗೇರ್‌ಬಾಕ್ಸ್ ಹುಡುಕಿಕೊಂಡು.

ಇಂಜಿನ್ ಬದಲಾದರೆ ಅದು ಅಪ್ಪನ ಕಾರಾಗಿ ಉಳಿಯುತ್ತಾ ಅಂತ ಅಮ್ಮನ ಪ್ರಶ್ನೆ. ಉಳಿಯುತ್ತದೆ ಅಂತಲೇ ನನ್ನ ವಾದ. ನಮ್ಮ ದೇಶದ ಈ ‘ಮಸಲ್ ಕಾರ್’ ಮೊದಲು ಬಂದಾಗ ಒಳಗಿದ್ದದ್ದು ಅಂಬಾಸಿಡರ್‌ನ 1.5 ಲೀಟರ್ ಇಂಜಿನ್. ಆ ಮೈಗೆ ಅದು ಸಾಲದು. ಇಸುಜುವಿನ 1.8 ಲೀಟರ್ ಇಂಜಿನ್, ಐದು ಗೇರು ಬಂದಮೇಲೇ ಓಟ. ಕಂಪನಿಯೇ ಒಮ್ಮೆ ಬದಲಿಸಿದೆಯಲ್ಲ!

ಕಷ್ಟ ಬೇರೆಯದು. ಕಾಂಟೆಸ್ಸಾದಲ್ಲಿ ಇಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಅದು ಅಡ್ಡ ಕೂತು ಮುಂದಿನವನ್ನು ತಿರುಗಿಸುತ್ತದೆ. ಹಾಗಾಗಿ ಜೀಪಿನ ಜಾತಿಯದ್ದೇ ಬೇಕು. ಆರ್‌ಟಿಒ ಒಪ್ಪಿ ಆರ್‌ಸಿಯಲ್ಲೂ ಬದಲಾವಣೆ ಆಗಬೇಕು. ಆ ಆಫೀಸು ಅಲ್ಲೇ, ಸಂಗಮ ಸೇತುವೆಯ ಹತ್ತಿರ. ಬುಧವಾರ ಆದ್ದರಿಂದ ತೆರೆದಿತ್ತು. ಗೇರ್‌ಬಾಕ್ಸಿಗೆ ಮುಂಗಡ ಕೊಡುವ ಮೊದಲು ಅತ್ತ ನಡೆದೆ.