ಭಾನುವಾರದ ಮ್ಯಾಚ್ ಮರೆತುಬಿಡು

ಪ್ರೀತಿಯ ಪುಟ್ಟಿ,

ಕಂಬ ಸುತ್ತಿ ತಿರುಗುವಾಗ ಕಾಲು ಉಳುಕಿತು ಅಂತ ಬರೆದಿದ್ದೀಯಲ್ಲ, ಅದಕ್ಕೆ ಬೇಜಾರಾಯ್ತು. ಕೋಪ ಬಂದಿದ್ದು ಕೊನೆ ಸಾಲಿಗೆ: "ಭಾನುವಾರದೊಳಗೆ ಸರಿ ಹೋಗುತ್ತೆ ಅಲ್ವಾ ಚಿಕ್ಕಮ್ಮ?" ಹೋಗಲ್ಲ. ಮಂಗಳವಾರ ಉಳುಕಿದ ಕಾಲು ಭಾನುವಾರ ಖೋ ಖೋ ಆಡಲ್ಲ.

ಮೊದಲು ಮೂಳೆಯ ವಿಚಾರ. ಬಿದ್ದ ತಕ್ಷಣ ನಾಲ್ಕು ಹೆಜ್ಜೆ ಇಟ್ಟೆಯಾ? ಈಗ ಇಡೋಕಾಗುತ್ತಾ? ಕುಂಟಿದರೂ ಸರಿ. ಪಾದದ ಗಂಟಿನ ಎರಡೂ ಬದಿ ಉಬ್ಬಿರುವ ಮೂಳೆಯ ತುದಿ, ಅದರ ಹಿಂದಿನ ಅಂಚು, ಕಿರುಬೆರಳಿನ ಕಡೆ ಪಾದದ ಮಧ್ಯೆ ಎದ್ದ ಮೂಳೆ, ಒಳಬದಿಯಲ್ಲಿ ಪಾದದ ಕಮಾನಿನ ಮೇಲಿನದು, ಇಷ್ಟನ್ನೂ ಒತ್ತಿ ನೋಡು. ಮೂಳೆಯ ಮೇಲೇ ನೋವಿದ್ದರೆ ಅಥವಾ ಹೆಜ್ಜೆ ಇಡೋಕೇ ಆಗದಿದ್ದರೆ ಇವತ್ತೇ ಎಕ್ಸ್‌ರೇ. 1992ರಲ್ಲಿ ಕೆನಡಾದ ಒಟ್ಟಾವಾದ ವೈದ್ಯರು ಕೊಟ್ಟ ನಿಯಮ ಇದು. ನಮ್ಮ ಕ್ಲಿನಿಕ್ಕಿನಲ್ಲಿ ಈಗಲೂ ಇದನ್ನೇ ನೆಚ್ಚಿಕೊಂಡಿದ್ದೀವಿ. ಪಾದ ತಣ್ಣಗಾದರೆ, ಮರಗಟ್ಟಿದರೆ ಒತ್ತಿ ನೋಡುತ್ತಾ ಕೂರಬೇಡ, ನೇರ ಆಸ್ಪತ್ರೆಗೆ ಹೋಗು.

ಮೂಳೆಗೆ ಏನೂ ಆಗಿಲ್ಲ ಅಂದರೆ, ಪಾದ ಒಳಕ್ಕೆ ಹೊರಳಿದಾಗ ಹೊರಬದಿಯ ಲಿಗಮೆಂಟು ಜಗ್ಗಿದೆ, ಒಂದಷ್ಟು ಎಳೆ ಹರಿದಿರಲೂಬಹುದು. ಹೋದ ವರ್ಷ ಓಡುವಾಗ ನಿನ್ನ ತೊಡೆ ಹಿಂದೆ ಹಿಡಿದುಕೊಂಡಿತ್ತಲ್ಲ, ಅದು ಸ್ನಾಯುವಿನದು. ಸ್ನಾಯುವಿನೊಳಗೆ ರಕ್ತ ಚೆನ್ನಾಗಿ ಹರಿಯುತ್ತೆ. ಲಿಗಮೆಂಟಿಗೆ ಸಿಗೋದು ಕಡಿಮೆ, ಅದು ಮಾಯೋದೂ ನಿಧಾನ.

ಅಜ್ಜಿ ಫೋನ್ ಮಾಡಿ ಬಿಸಿ ಹರಳೆಣ್ಣೆ ಹಚ್ಚಿ ನೀವಿಸಿಕೋ ಅಂತಾರೆ, ನನಗೆ ಗೊತ್ತು. ಉಳುಕು ತೆಗೆಯೋರ ಹತ್ತಿರ ಕರಕೊಂಡು ಹೋಗೋಕೆ ಗೆಳತಿಯರೂ ಇರ್ತಾರೆ. ಮೊದಲ ಎರಡು ಮೂರು ದಿನ ಬಿಸಿಯೂ ಬೇಡ, ನೀವೋದೂ ಬೇಡ, ಊತ ಹೆಚ್ಚುತ್ತೆ. ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತು. ಬೆರಳು ಜುಮ್ಮೆಂದರೆ ಸಡಿಲಿಸು. ಮಲಗಿದಾಗ ಕಾಲ ಕೆಳಗೆ ಎರಡು ದಿಂಬು. ಐಸು ಬೇಕಾದರೆ ಬಟ್ಟೆಯಲ್ಲಿ ಸುತ್ತಿ 15 ನಿಮಿಷ, ಅದೂ ನೋವು ಕಡಿಮೆಯಾಗಲಿ ಅಂತ ಮಾತ್ರ. ವಿಶ್ರಾಂತಿ, ಐಸು, ಬ್ಯಾಂಡೇಜು, ಕಾಲು ಎತ್ತರ ಅನ್ನೋ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಐಸು ಮತ್ತು ಪೂರ್ತಿ ವಿಶ್ರಾಂತಿ ಗಾಯ ಮಾಯೋದನ್ನು ತಡ ಮಾಡಬಹುದು ಅಂತ ಆಮೇಲೆ ಹೇಳಿದರು. ಹಾಗಾಗಿ ಹಾಸಿಗೆಗೆ ಅಂಟಿಕೊಳ್ಳಬೇಡ. ನೋವು ತಡೆಯೋ ಮಟ್ಟಿಗೆ ನಡಿ. ಕೂತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರಿ. ಳ, ಋ ಬರೆಯೋವಾಗ ಗಂಟು ಚೆನ್ನಾಗಿ ತಿರುಗುತ್ತೆ!

ನನಗೆ ನಿಜವಾದ ಭಯ ಇರೋದು ನೋವು ಹೋದ ಮೇಲಿನ ದಿನಗಳದು. ಪಾದ ಎತ್ತ ವಾಲ್ತಿದೆ ಅಂತ ಮಿದುಳಿಗೆ ತಿಳಿಸೋ ನರದ ತುದಿಗಳು ಲಿಗಮೆಂಟಿನೊಳಗೇ ಇವೆ, ಅವಕ್ಕೂ ಪೆಟ್ಟಾಗಿರುತ್ತೆ. ಊತ ಇಳಿದರೂ ಆ ಎಚ್ಚರ ಮರಳಿರಲ್ಲ. ಸುದ್ದಿ ಮುಟ್ಟೋದರೊಳಗೆ ಕಾಲು ಮತ್ತೆ ಹೊರಳಿರುತ್ತೆ. ಒಮ್ಮೆ ಉಳುಕಿದ ಕಾಲೇ ಪದೇ ಪದೇ ಉಳುಕೋಕೆ ಇದೊಂದು ದೊಡ್ಡ ಕಾರಣ. ಅದಕ್ಕೇ ಹೆಜ್ಜೆ ಊರೋಕೆ ಧೈರ್ಯ ಬಂದ ಮೇಲೆ ಹಲ್ಲುಜ್ಜುವಾಗ ಆ ಕಾಲೊಂದರಲ್ಲೇ ನಿಲ್ಲು. ಆಮೇಲೆ ಗೋಡೆ ಪಕ್ಕ ಕಣ್ಣು ಮುಚ್ಚಿ, ಆಮೇಲೆ ಮಡಚಿದ ಕಂಬಳಿ ಮೇಲೆ. ಜೊತೆಗೆ ಹಿಮ್ಮಡಿ ಎತ್ತಿ ಇಳಿಸೋದು. ಎರಡೂ ಕಾಲು ಸರಿಸಮ ನಿಂತ ಮೇಲೆ ನೇರ ಓಟ, ಅದಾದ ಮೇಲೆ ಅಂಕುಡೊಂಕು ಓಟ, ಎಲ್ಲಕ್ಕಿಂತ ಕೊನೆಗೆ ಕಂಬ. ಇದಕ್ಕೆ ವಾರಗಟ್ಟಲೆ ಬೇಕು. ಆಟಕ್ಕೆ ಮರಳಿದಾಗ ಶುರುವಿನಲ್ಲಿ ಗಂಟಿಗೆ ಬ್ರೇಸ್ ಹಾಕಿಕೋ, ನಾನು ಕಳಿಸ್ತೀನಿ.

ಎರಡೂ ಪಾದ ಒಟ್ಟಿಗೆ ಕಾಣೋ ಹಾಗೆ ಇನ್ನೊಂದು ಫೋಟೊ ಕಳಿಸು. ಕೋಚ್ ಸರ್‌ಗೆ ಹೇಳೋಕೆ ಸಂಕೋಚವಾದರೆ ಅವರ ನಂಬರ್ ಕೊಡು, ನಾನೇ ಮಾತಾಡ್ತೀನಿ. ನಿಮ್ಮಪ್ಪನಿಗೆ ಮಾತ್ರ ನೀನೇ ಹೇಳಬೇಕು.

ನಿನ್ನ
ಚಿಕ್ಕಮ್ಮ