ಆನೆಗುಡ್ಡೆಯಿಂದ ಅಳಿವೆಯ ಕೆಸರಿಗೆ

ಹೆದ್ದಾರಿ ಬಿಟ್ಟು ಆನೆಗುಡ್ಡೆ ಏರುತ್ತಿದ್ದೇನೆ. ಗರಿಕೆ, ಕೆಂಪು ದಾಸವಾಳ, ಸುಲಿದ ತೆಂಗಿನಕಾಯಿಯ ಹಸಿ ವಾಸನೆ. ಒಳಗೆ ಬೆಳ್ಳಿ ಕವಚ ತೊಟ್ಟು ನಿಂತ ವಿನಾಯಕ. ಆನೆಯ ಮೊಗ, ಮನುಷ್ಯನ ಮೈ. ಎರಡು ಜೀವ ಕೂಡಿದ ರೂಪ. ನಾನು ಹೊರಟಿರುವುದೂ ಅಂಥದೇ ಒಂದು ಕೂಡಿಕೆಯ ಜಾಡು ಹಿಡಿದು.

ಗುಡ್ಡೆಯ ಊರು ಕುಂಭಾಶಿಯ ಪಾಗಾರಗಳಲ್ಲಿ ಮುರಕಲ್ಲು ಕೆಂಪಗೆ ಹೊಳೆಯುತ್ತದೆ. ಕರಾವಳಿಯ ಈ ಮುರಕಲ್ಲಿನಡಿ ಹಬ್ಬಿರುವ ಗ್ನೈಸ್ ಶಿಲೆಗೆ 250 ಕೋಟಿ ವರ್ಷ ಮೀರಿದೆ. ಆಗ ಭೂಮಿಯಲ್ಲಿದ್ದದ್ದು ಬ್ಯಾಕ್ಟೀರಿಯ, ಆರ್ಕಿಯಗಳಂಥ ಕೋಶಕೇಂದ್ರವಿಲ್ಲದ ಸೂಕ್ಷ್ಮಜೀವಿಗಳಷ್ಟೇ. ಘಟ್ಟದ ಮೇಲೆ, ತುಮಕೂರು ಸೀಮೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಅವು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳು ಇಂದಿಗೂ ಇವೆ.

ಬಸ್ಸು ಕುಂದಾಪುರದಲ್ಲಿ ಇಳಿಸುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ನದಿಗಳು ಬೆರೆಯುವ ಪಂಚಗಂಗಾವಳಿ! ಇಳಿತದ ಹೊತ್ತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಏಡಿಗಳು ಸರಸರ ಓಡುತ್ತವೆ. ಕೋಲಿನಿಂದ ಕೆಸರು ಕೆದಕುತ್ತೇನೆ. ಮೇಲೆ ಕಂದು ಲೋಳೆ, ಬೆರಳಗಲ ಕೆಳಗೆ ಕಾಡಿಗೆಗಪ್ಪು. ಕೊಳೆತ ಮೊಟ್ಟೆಯ ನಾತ ಗಪ್ಪನೆ ಮೂಗಿಗೆ ಬಡಿಯುತ್ತದೆ. ಅಲ್ಲಿ ಆಮ್ಲಜನಕವಿಲ್ಲ.

ಆದರೂ ನನಗೆ ಈ ಕಪ್ಪಿನ ಮೇಲೇ ಪ್ರೀತಿ. ಸಂಕೀರ್ಣ ಜೀವದ ತವರು ಇಂಥ ಕೆಸರು ಎನ್ನಿಸುವಂತೆ ಮಾಡಿದ್ದು ಆಸ್ಗಾರ್ಡ್ ಆರ್ಕಿಯ ಎಂಬ ಗುಂಪು. ಕೋಶಕೇಂದ್ರವಿಲ್ಲದ ಜೀವಿಗಳಲ್ಲಿ ನಮ್ಮ ಕೋಶಗಳಿಗೆ ಅತಿ ಹತ್ತಿರದ ಈ ನೆಂಟರು 2015ರಲ್ಲಿ ಆರ್ಕ್ಟಿಕ್ ಕಡಲಿನ ತಳದ ಹೂಳಿನಲ್ಲಿ ಗುರುತಾದರು. ಕಾಂಡ್ಲಾ ಕೆಸರಿನಲ್ಲೂ ಇದ್ದಾರೆ. ಜಪಾನಿನ ವಿಜ್ಞಾನಿಗಳು 12 ವರ್ಷ ತಾಳ್ಮೆಯಿಂದ ಸಾಕಿ, 2020ರಲ್ಲಿ ಒಂದನ್ನು ಜಗತ್ತಿಗೆ ತೋರಿಸಿದರು: ಪುಟಾಣಿ ಗುಂಡು, ಸುತ್ತ ಕವಲೊಡೆದ ಉದ್ದನೆಯ ತೋಳುಗಳು! ಅಂಥದೊಂದು ಪೂರ್ವಜ ಆಮ್ಲಜನಕ ಬಳಸಬಲ್ಲ ಬ್ಯಾಕ್ಟೀರಿಯವನ್ನು ಒಳಗಿಟ್ಟುಕೊಂಡಿತು, ಒಳಹೊಕ್ಕದ್ದೇ ಕೋಶಕ್ಕೆ ಕಸುವು ಕೊಡುವ ಮೈಟೊಕಾಂಡ್ರಿಯವಾಯಿತು. ಹೀಗೆ ಒಳಹೊಕ್ಕ ಕಥೆಯನ್ನು 1967ರಲ್ಲಿ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಪಟ್ಟುಹಿಡಿದು ಮಂಡಿಸಿದಾಗ ನಂಬಿದವರು ಕಡಿಮೆ. ಆ ಕೂಡಿಕೆಯಿಂದ ಹುಟ್ಟಿದ ಸಂಕೀರ್ಣ ಜೀವ ಬಲು ಹಳೆಯದು: ಮಧ್ಯ ಭಾರತದ ಚಿತ್ರಕೂಟದ 160 ಕೋಟಿ ವರ್ಷದ ಹಿಂದಿನ ಬಂಡೆಗಳಲ್ಲಿ ಆಗಲೇ ಕೆಂಪು ಪಾಚಿಯಂಥ ಎಳೆಗಳು ಕಾಣುತ್ತವೆ.

"ಎಂತ ಹುಡುಕ್ತ್ರಿ ಮಾರಾಯ್ರೆ?" ಚಿಪ್ಪು ಆರಿಸುತ್ತಿರುವ ಹೆಂಗಸೊಬ್ಬರು ಕೂಗುತ್ತಾರೆ. "ಕಪ್ ಕೆಸ್ರಲ್ ಎಂತ ಸಿಕ್ಕುದಿಲ್ಲೆ. ಇತ್ಲಾಯಿ ಹೊಯ್ಗಿಯಲ್ಲ್ ಕಾಣಿ!"

ಅಕ್ಕ ತೋರಿಸಿದಲ್ಲಿ ಕೈಹಾಕುತ್ತೇನೆ. ನುಣ್ಣನೆಯ ಚಿಪ್ಪೊಂದು ಸಿಗುತ್ತದೆ. ಬಿಡಿಸಲು ನೋಡಿದರೆ ಇನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಆ ಬಿಗಿತಕ್ಕೆ ಕಸುವು ಕೊಡುತ್ತಿರುವುದು ಅಂದು ಒಳಹೊಕ್ಕ ಬ್ಯಾಕ್ಟೀರಿಯದ ಸಂತತಿ. ಅದನ್ನು ಬಿಡಿಸಹೊರಟ ನನ್ನ ಬೆರಳುಗಳಿಗೂ ಅದೇ.